ಹಾಡು ಉಳಿಯುವುದು ಅಭ್ಯಾಸದಿಂದ

ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದ ಕಿಂಗ್ಸ್ ಕಾಲೇಜಿನ ಗಾಯಕವೃಂದವು ಪ್ರತಿವರ್ಷ ಡಿಸೆಂಬರ್ 24ರಂದು ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಕ್ರಿಸ್ತಜನನದ ಗೀತೆಗಳನ್ನು ಹಾಡುತ್ತದೆ. ಮೊದಲನೆಯ ಮಹಾಯುದ್ಧ ಮುಗಿದ ವರ್ಷವೇ, 1918ರಲ್ಲಿ, ಈ ಪದ್ಧತಿ ಅಲ್ಲಿ ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ಮಂದಿರದ ಬಣ್ಣದ ಗಾಜುಗಳನ್ನು ಭದ್ರತೆಗಾಗಿ ಕಳಚಿಟ್ಟಾಗಲೂ ಹಾಡು ನಿಲ್ಲಲಿಲ್ಲ.

ಮೊದಲ ಗೀತೆಯ ಮೊದಲ ಚರಣವನ್ನು ಬಾಲಕನೊಬ್ಬನು ವಾದ್ಯದ ಆಸರೆಯಿಲ್ಲದೆ ಒಬ್ಬನೇ ಹಾಡಬೇಕು. ಆತನು ಯಾರೆಂಬುದು ಕೆಲವೇ ಕ್ಷಣಗಳ ಮುನ್ನ ತಿಳಿಯುತ್ತದೆ. ಆದ್ದರಿಂದ ಹಲವರು ಸಿದ್ಧರಾಗಿರಬೇಕು. ಈ ಸಿದ್ಧತೆ ವರ್ಷವಿಡೀ ನಡೆವ ಅಭ್ಯಾಸದ ಫಲ. ಹಳೆಯದಕ್ಕೇ ಅಂಟಿಕೊಳ್ಳದೆ, 1983ರಿಂದೀಚೆಗೆ ಹೊಸ ಗೀತೆಗಳನ್ನೂ ರಚಿಸಿಸುತ್ತ ಬಂದಿದ್ದಾರೆ.

ಹೊರನಾಡಿನ ಅನೇಕ ಕನ್ನಡ ಸಂಘಗಳಲ್ಲಾದರೋ ಮಕ್ಕಳನ್ನು ಹಾಡಿಗೆ ಕೂಡಿಸುವುದು ರಾಜ್ಯೋತ್ಸವ ಬಾಗಿಲಿಗೆ ಬಂದಾಗ. ಚೀಟಿ ನೋಡಿ ಹಾಡಿದ ಗೀತೆ ಚಪ್ಪಾಳೆಯೊಡನೆ ಮರೆತುಹೋಗುತ್ತದೆ. ಶಾಲೆಯಲ್ಲಿ, ಬೀದಿಯಲ್ಲಿ ಬೇರೆ ನುಡಿಯಾಡುವ ಮಗುವಿಗೆ ಕನ್ನಡವನ್ನು ಬಾಯ್ತುಂಬ ಉಚ್ಚರಿಸಲು ಹಾಡಿಗಿಂತ ಸುಲಭವಾದ ದಾರಿಯಿಲ್ಲ. ಕೂಡಿ ಹಾಡಿದರೆ ಉಸಿರು ಹದಗೊಳ್ಳುವುದು, ಸಭಾಕಂಪವೂ ಕಳೆಯುವುದು.

ಸಭಾಂಗಣದ ಬಾಡಿಗೆಗೆ, ಹಾರತುರಾಯಿಗೆ ಹಣವೊದಗಿಸುವ ಸಂಘಗಳು ವಾರಕ್ಕೊಂದು ಗಂಟೆ ಹಾಡು ಕಲಿಸುವ ಶಿಕ್ಷಕರೊಬ್ಬರಿಗೆ ಗೌರವಧನ ನೀಡಲಾರವೇ? ಸಂಘದ ನಿಜವಾದ ಮೂಲಧನವೆಂದರೆ ಮಕ್ಕಳ ಕಂಠವೇ.