ಮಾತ್ರೆ ಗಂಡನಿಗೂ ಬೇಕು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಬೀಡಿ ಕಟ್ಟುವ ಹೆಂಗಸರು ಕೆಳಹೊಟ್ಟೆ ನೋವು ಬಂದರೆ ಕೂತು ಕೂತು ಬಂದದ್ದು ಎಂದು ಸುಮ್ಮನಾಗುತ್ತಾರೆ. ಬಿಳಿಸೆರಗು ಹೆಚ್ಚಾದರೆ ಉಷ್ಣ ಎನ್ನುತ್ತಾರೆ, ಬೊಂಡ ಕುಡಿಯುತ್ತಾರೆ. ಕೆಲವರಲ್ಲಿ ಅದರ ಹಿಂದೆ ಕ್ಲಮಿಡಿಯ ಎಂಬ ಬ್ಯಾಕ್ಟೀರಿಯಾ ಇರಬಹುದೆಂದು ಅವರಿಗೆ ಹೇಳಿದವರು ಕಡಿಮೆ.

ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಬಹುಪಾಲು ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಗರ್ಭಕೊರಳಲ್ಲಿ ಸದ್ದಿಲ್ಲದೆ ನೆಲೆಸಿ, ಚಿಕಿತ್ಸೆ ಸಿಗದಿದ್ದರೆ ಮೇಲೇರಿ ಗರ್ಭನಾಳಗಳಲ್ಲಿ ಕಲೆಗಟ್ಟಿಸಬಲ್ಲದು. ಎರಡೂ ನಾಳ ಮುಚ್ಚಿದರೆ ಸಹಜವಾಗಿ ಮಕ್ಕಳಾಗುವುದಿಲ್ಲ. ಅರೆಬರೆ ಮುಚ್ಚಿದರೆ ಗರ್ಭ ನಾಳದಲ್ಲೇ ನಿಂತು ಒಡೆದು ಪ್ರಾಣಕ್ಕೇ ಎರವಾದೀತು. ಹೆರಿಗೆಯಲ್ಲಿ ಮಗುವಿಗೆ ತಗುಲಿದರೆ ಕಣ್ಣಿನ ಸೋಂಕು, ನ್ಯುಮೋನಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 12.85 ಕೋಟಿ ಹೊಸ ಸೋಂಕುಗಳಾದವು.

ಮಕ್ಕಳಾಗದ ಮನೆಯಲ್ಲಿ ಆಶ್ಲೇಷಾ ಬಲಿ, ಹರಕೆ ಎಲ್ಲವೂ ನಡೆಯುತ್ತದೆ. ನಂಬಿಕೆ ಅವರವರದು. ಆದರೆ ಸೊಸೆಯನ್ನು ದೂರುವ ಮೊದಲು ಗಂಡ ಹೆಂಡತಿ ಇಬ್ಬರ ಪರೀಕ್ಷೆಯೂ ಆಗಲೇಬೇಕು.

ಇಂಥ ತೊಂದರೆಗಳನ್ನು ಹೆಂಗಸರು ಹೇಳಿಕೊಳ್ಳುವುದೇ ಕಷ್ಟ. 1989ರಲ್ಲಿ ಪ್ರಕಟವಾದ ಅಧ್ಯಯನದಂತೆ, ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ವೈದ್ಯೆ ರಾಣಿ ಬಂಗ್ ಮತ್ತು ಸಂಗಡಿಗರು ಪರೀಕ್ಷಿಸಿದ 650 ಮಹಿಳೆಯರಲ್ಲಿ ಶೇ. 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಕಂಡಿತ್ತು. ಹಿಂದೆಂದಾದರೂ ತಪಾಸಣೆ ಮಾಡಿಸಿಕೊಂಡವರು ಶೇ. 8 ಮಾತ್ರ. ಕರ್ನಾಟಕದ್ದೇ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಾತನಾಡಿಸಿದ ಎಳೆಮಕ್ಕಳ ತಾಯಂದಿರಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿ ಇಂಥ ತೊಂದರೆ ಇದೆಯೆಂದರು.

ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣ ನೋಡಿ ಬಣ್ಣದ ಕಿಟ್‌ಗಳಲ್ಲಿ ಉಚಿತ ಔಷಧಿ ಕೊಡುತ್ತಾರೆ. ಒಳ್ಳೆಯದೇ. ಆದರೆ ಲಕ್ಷಣವೇ ಇಲ್ಲದವರು ಅಲ್ಲಿಗೆ ಏಕೆ ಹೋಗುತ್ತಾರೆ? ಗರ್ಭಿಣಿಯರ ರಕ್ತವನ್ನು ಎಚ್‌ಐವಿ, ಸಿಫಿಲಿಸ್‌ಗೆ ಪರೀಕ್ಷಿಸುವ ವ್ಯವಸ್ಥೆಯಲ್ಲಿ ಕ್ಲಮಿಡಿಯಕ್ಕೆ ಜಾಗವಿಲ್ಲ. ಕ್ಷಯ ಪತ್ತೆಗೆ ಬಳಸುವ ಸಿಬಿನ್ಯಾಟ್ ಯಂತ್ರದಲ್ಲೇ ಬೇರೆ ಕಾರ್ಟ್ರಿಜ್ ಹಾಕಿದರೆ ಇದನ್ನು ಸುಮಾರು ಒಂದೂವರೆ ಗಂಟೆಯಲ್ಲಿ ಕಂಡುಹಿಡಿಯಬಹುದು. ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ತಪಾಸಣೆಯಿಂದಲೇ ಆರೋಗ್ಯ ಇಲಾಖೆ ಈ ಪರೀಕ್ಷೆಯನ್ನು ಆರಂಭಿಸಲಿ.

ಚಿಕಿತ್ಸೆ ಸುಲಭ: ವೈದ್ಯರ ಸಲಹೆಯಂತೆ ಏಳು ದಿನ ಡಾಕ್ಸಿಸೈಕ್ಲಿನ್, ಗರ್ಭಿಣಿಗಾದರೆ ಅಜಿಥ್ರೊಮೈಸಿನ್. ಹೆಂಡತಿ ಮಾತ್ರ ನುಂಗಿ ಗಂಡ ಬಿಟ್ಟರೆ ಸೋಂಕು ಮರಳಬಹುದು. ಹಾಗಾಗಿ ಆಶಾ ಕಾರ್ಯಕರ್ತೆಯರ ಜೊತೆಗೆ ಗಂಡಸರೊಡನೆ ಮಾತಾಡುವ ಪುರುಷ ಆರೋಗ್ಯ ಸಿಬ್ಬಂದಿಗೂ ಈ ವಿಷಯದಲ್ಲಿ ತರಬೇತಿ ಸಿಗಬೇಕು, ಮೂರು ತಿಂಗಳ ಬಳಿಕ ಮರುಪರೀಕ್ಷೆಯೂ ಉಚಿತವಾಗಿರಬೇಕು.