ಹಳ್ಳಿ ಮನೆಗೆ ಹೊರಟಿದ್ದೀರಾ? ಗೇಟು ಹಾಕುವ ಮುನ್ನ...

ಮುಂದೆ ತುಳಸಿಕಟ್ಟೆ, ಹಿಂದೆ ಅಡಿಕೆ ತೋಟ, ಬೆಳಗಾದರೆ ಹಕ್ಕಿಗಳ ದನಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಇದೇ ಅಲ್ವಾ? 2020ರ ಲಾಕ್‌ಡೌನ್ ನಂತರ ಎಷ್ಟೋ ಮಂದಿ ಇದನ್ನು ನಿಜ ಮಾಡಿಕೊಳ್ಳಲು ಹೊರಟರು. ಅದೇ ವರ್ಷ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿಯಾಯಿತು. ಯಜಮಾನರು ‘ಲ್ಯಾಪ್‌ಟಾಪ್ ಇದ್ದರೆ ಸಾಕು, ಎಲ್ಲಿಂದಾದರೂ ಕೆಲಸ ಮಾಡ್ತೀನಿ’ ಅಂದರು. ಸರಿ. ಆದರೆ ಅವರು ಲ್ಯಾಪ್‌ಟಾಪ್ ಮುಚ್ಚುವವರೆಗೆ ನೀವು ಯಾರ ಹತ್ತಿರ ಮಾತಾಡ್ತೀರಿ? ಬಾವಿ ಇದೆಯಾ, ಇಂಟರ್‌ನೆಟ್ ಬರುತ್ತಾ ಅಂತೆಲ್ಲ ವಿಚಾರಿಸುತ್ತೇವೆ. ಇದೊಂದನ್ನು ಮಾತ್ರ ವಿಚಾರಿಸೋದಿಲ್ಲ.

ನಾನೂ ವಿಚಾರಿಸಿರಲಿಲ್ಲ. ತೀರ್ಥಹಳ್ಳಿ ಕಡೆಯ ಹಂಚಿನ ಮನೆಗೆ ನಾವು ಹೋಗಿದ್ದು ಒಂದು ಏಪ್ರಿಲ್‌ನಲ್ಲಿ. ಅಂಗಳದ ಬೇಲಿಗೆ ಗಳ ಸರಿಸಿ ದಾಟುವ ಹಳೇ ಉಣುಗೋಲು ಇತ್ತು. ಹೊತ್ತಲ್ಲದ ಹೊತ್ತಿನಲ್ಲಿ ಯಾರ್‍ಯಾರೋ ಅದನ್ನು ದಾಟಿ, ನಮ್ಮ ಅಡುಗೆಮನೆ ಕಿಟಕಿ ಪಕ್ಕದಲ್ಲೇ ಹಾದು ಬಸ್ಸಿನ ರಸ್ತೆಗೆ ಹೋಗುತ್ತಿದ್ದರು. ‘ಊಟ ಆಯ್ತಾ?’ ಅಂತ ಒಳಗೆ ಇಣುಕುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ಹಾಕಿಕೊಂಡೇ ಇಪ್ಪತ್ತು ವರ್ಷ ಕಳೆದವಳಿಗೆ ಇದು ಹಿಂಸೆ. ಎರಡನೇ ವಾರಕ್ಕೆ ಕಬ್ಬಿಣದ ಗೇಟು ಬಂತು, ಬೀಗವೂ ಬಂತು.

ಯಾರೂ ಜಗಳಕ್ಕೆ ಬರಲಿಲ್ಲ. ಗದ್ದೆ ಅಂಚಿನ ಮೇಲೆ ಸುತ್ತು ಹಾಕಿ ಓಡಾಡತೊಡಗಿದರು, ಅಷ್ಟೆ. ಬಸಳೆ ತಂದುಕೊಡುತ್ತಿದ್ದ ನೆರೆಮನೆ ಅಕ್ಕ ಬರೋದು ನಿಂತಿತು. ನಾನೋ, ‘ಹಳ್ಳಿಯವರು ಹೊರಗಿನವರನ್ನು ಸೇರಿಸಿಕೊಳ್ಳೋದಿಲ್ಲ ಕಣೇ’ ಅಂತ ತಂಗಿಗೆ ಫೋನಿನಲ್ಲಿ ದೂರುತ್ತಿದ್ದೆ!

ಜುಲೈ ಬಂತು. ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಮೊಬೈಲ್ ಸತ್ತಿದೆ, ಯಜಮಾನರು ಬೆಂಗಳೂರಿನಲ್ಲಿ. ಬೆಳಿಗ್ಗೆ ಅಂಗಳದ ಪಾಚಿಯಲ್ಲಿ ಅತ್ತೆ ಜಾರಿ ಬಿದ್ದರು, ಏಳೋಕೇ ಆಗಲಿಲ್ಲ. ಜಗಲಿಯಲ್ಲಿ ನಿಂತು ಕೂಗಿದೆ. ಮಳೆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಆ ಅಕ್ಕ ಕಂಬಳಿಕೊಪ್ಪೆ ಹಾಕಿಕೊಂಡು, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದರು. ‘ಕೂಗಿದ್ದು ಆಗಲೇ ಕೇಳ್ತು ಮಾರಾಯ್ರೆ. ಗೇಟಿಗೆ ಬೀಗ ಇತ್ತಲ್ಲ, ಸುತ್ತು ಹಾಕಿ ಬರೋ ಹೊತ್ತಿಗೆ ತಡ ಆಯ್ತು’ ಅಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೇ ಚೆನ್ನಾಗಿತ್ತು. ಅವರ ಮಗನ ಜೀಪಿನಲ್ಲೇ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆವು. ಸೊಂಟದ ಮೂಳೆ ಮುರಿದಿತ್ತು.

ಬೀಗ ಅವತ್ತೇ ತೆಗೆದೆ. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸಿದರೆ ಕಾಲು ಜಾರೋದಿಲ್ಲ ಅನ್ನೋದನ್ನು ಕಲಿಸಿದ್ದೂ ಅದೇ ಅಕ್ಕ. ಉಣುಗೋಲು ಇದ್ದಿದ್ದರೆ ಜೂನ್‌ನಲ್ಲೇ ಹೇಳಿರುತ್ತಿದ್ದರು.

ಹಾಗಾಗಿ ಹೊಸ ಮನೆಗೆ ಹೋದ ಮೊದಲ ವರ್ಷ ಬೇಲಿ, ದಾರಿ, ಬಾವಿಕಟ್ಟೆ ಯಾವುದನ್ನೂ ಬದಲಿಸಲು ಹೋಗಬೇಡಿ. ಈ ದಾರಿಯಲ್ಲಿ ಯಾರು ಎಲ್ಲಿಗೆ ಹೋಗ್ತಾರೆ ಅಂತ ಕೇಳಿ. ಸೌಜನ್ಯದ ಮಾತು ಹಾಗಿರಲಿ, 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಪ್ರಕಾರ, 20 ವರ್ಷ ಅಡೆತಡೆಯಿಲ್ಲದೆ ಹಕ್ಕೆಂದೇ ಬಳಸಿದ ದಾರಿಯನ್ನು ನೀವು ಮುಚ್ಚುವಂತೆಯೇ ಇಲ್ಲದಿರಬಹುದು. ಖಾಸಗಿತನ ಬೇಕೇ? ಅಡುಗೆಮನೆ ಕಿಟಕಿಗೊಂದು ಪರದೆ ಸಾಕು.

ಮನೆ ಗೊತ್ತುಮಾಡುವ ಮೊದಲು ಜುಲೈನಲ್ಲಿ ಒಂದು ವಾರ ಅಲ್ಲೇ ಇದ್ದು ನೋಡಿ. ಡಿಸೆಂಬರಿನಲ್ಲಿ ಎಲ್ಲ ಮನೆಯೂ ಚೆಂದವೇ! ಮೇ ಮುಗಿಯುವುದರೊಳಗೆ ಹಂಚು ಕೈಯಾಡಿಸಿ, ಸೌದೆ ಒಳಗೆ ಸೇರಿಸಿ. ಗ್ಯಾಸ್ ಇದೆಯಲ್ಲ ಅಂತ ನನ್ನ ಹಾಗೆ ನಗಬೇಡಿ. ಸ್ಕೂಟರ್ ಬಾರದಿದ್ದರೆ ಹೊರಡುವ ಮುಂಚೆಯೇ ಕಲಿಯಿರಿ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಯಿತು ನಿಜ, ಆದರೆ ಮಲೆನಾಡಿನ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಮನೆ ಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ಈ ಮಾತನ್ನು ಯಜಮಾನರ ಎದುರಿಗೇ ಓದಿ.

ಆಶಾ ಕಾರ್ಯಕರ್ತೆಯ ನಂಬರನ್ನು ಗೋಡೆ ಮೇಲೆ ಬರೆದಿಡಿ. ತೋಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಅವರಿಗೆ ತಿಳಿಸಿ, ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಫೋನ್ ಹೋಗದಿದ್ದರೆ ಊರಿನಲ್ಲಿ ಜೀಪು ಯಾರ ಮನೆಯಲ್ಲಿದೆ ಅನ್ನೋದು ಮೊದಲೇ ಗೊತ್ತಿರಲಿ.