ಯುಗ್ಮವೂ ಜ್ಯೂಗ್ಮವೂ

ಮದುವೆಯ ಖರ್ಚಿಗೆ ನೆರವಾಗುವೆನೆಂದು ಹೇಳಿ, ಲಗ್ನದ ಹೊತ್ತಿಗೆ ಊರನ್ನೇ ಬಿಟ್ಟುಹೋದ ಬಂಧುವೊಬ್ಬನನ್ನು ಕುರಿತು ಸಿರುಗುಪ್ಪದ ಕಡೆಯ ಅಜ್ಜಿಯೊಬ್ಬರು, "ಮಾತನ್ನೂ ಕೈಯನ್ನೂ ಕೊಟ್ಟ ಪುಣ್ಯಾತ್ಮ!" ಎಂದು ಉದ್ಗರಿಸಿದರೆನ್ನಿ. ಕೇಳಿದವರು ನಗದಿರುವುದು ಕಷ್ಟ. ಈ ನಗುವಿನ ಮೂಲವೆಲ್ಲಿ? ವಾಕ್ಯದಲ್ಲಿರುವ ಕ್ರಿಯಾಪದ ಒಂದೇ. ಅದು ಮಾತಿನೊಡನೆ ಕೂಡಿದಾಗ ಭರವಸೆಯಾಯಿತು, ಕೈಯೊಡನೆ ಕೂಡಿದಾಗ ವಂಚನೆಯಾಯಿತು. ಅಜ್ಜಿ ಅಲಂಕಾರಶಾಸ್ತ್ರವನ್ನು ಓದಿದವರಲ್ಲ. ಆದರೆ ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಒಂದು ಅಲಂಕಾರ ಅವರ ನಾಲಗೆಯ ತುದಿಯಲ್ಲಿ ಸಲೀಸಾಗಿ ನಿಂತಿದೆ.

ನಮ್ಮ ಆಲಂಕಾರಿಕರು ಇದಕ್ಕೆ ಇಟ್ಟ ಹೆಸರು ದೀಪಕ. ಭರತನ ನಾಟ್ಯಶಾಸ್ತ್ರದಲ್ಲಿ ಹೇಳಿರುವ ಅಲಂಕಾರಗಳು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. ಮುಂದೆ ನೂರರ ಗಡಿಯನ್ನು ಮುಟ್ಟಿದ ಅಲಂಕಾರ ಸಂತಾನಕ್ಕೆ ಮೂಲಪುರುಷರು ಈ ನಾಲ್ವರು. ಹೊಸ್ತಿಲ ಮೇಲಿಟ್ಟ ಹಣತೆ ಒಳಮನೆಯನ್ನೂ ಜಗುಲಿಯನ್ನೂ ಏಕಕಾಲದಲ್ಲಿ ಬೆಳಗುವಂತೆ, ಒಂದೆಡೆಯಲ್ಲಿ ನಿಂತ ಒಂದೇ ಪದ ವಾಕ್ಯದ ಬೇರೆ ಬೇರೆ ಭಾಗಗಳಿಗೆಲ್ಲ ಅರ್ಥವನ್ನು ಕೊಡುವುದೇ ದೀಪಕ. ಆ ದೀಪ ವಾಕ್ಯದ ಮೊದಲಿನಲ್ಲಿದ್ದರೆ ಆದಿದೀಪಕ, ನಡುವಿನಲ್ಲಿದ್ದರೆ ಮಧ್ಯದೀಪಕ, ಕೊನೆಯಲ್ಲಿದ್ದರೆ ಅಂತ್ಯದೀಪಕ ಎಂದು ಭಾಮಹನು ವಿಂಗಡಿಸಿದನು. ದಂಡಿಯ ದಾರಿಯನ್ನು ಬಹುಮಟ್ಟಿಗೆ ಹಿಡಿದು ನಡೆದ ನಮ್ಮ ಕವಿರಾಜಮಾರ್ಗದಲ್ಲಿಯೂ ದೀಪಕಕ್ಕೆ ಸ್ಥಾನವುಂಟು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ತುದಿಗೆ ಬರುವುದರಿಂದ ನಮ್ಮ ದಿನಬಳಕೆಯ ಮಾತೆಲ್ಲ ಅಂತ್ಯದೀಪಕಕ್ಕೆ ಹೇಳಿಮಾಡಿಸಿದಂತಿದೆ. ಕೇಳುವವನು ಕತ್ತಲಲ್ಲಿ ಒಂದೊಂದೇ ಸಾಮಾನನ್ನು ತಡವುತ್ತ ಬರುತ್ತಾನೆ. ಕಟ್ಟಕಡೆಗೆ ದೀಪ ಹತ್ತಿಕೊಳ್ಳುತ್ತದೆ. ಅಜ್ಜಿಯ ಮಾತು ಕಚಗುಳಿಯಿಡುವುದು ಈ ವಿಳಂಬದಿಂದಲೇ.

ಗ್ರೀಕರ ಕಣ್ಣಿಗೆ ಮಾತ್ರ ಇಲ್ಲಿ ಕಂಡದ್ದು ದೀಪವಲ್ಲ, ನೊಗ. ಒಂದು ನೊಗಕ್ಕೆ ಎರಡು ಎತ್ತುಗಳನ್ನು ಹೂಡುವಂತೆ ಒಂದು ಕ್ರಿಯೆಗೆ ಎರಡು ನಾಮಪದಗಳನ್ನು ಹೂಡುವುದು ಎಂದು ಬಗೆದು ಅವರು ಇದನ್ನು 'ಜ್ಯೂಗ್ಮ' ಎಂದು ಕರೆದರು. ಪಾಶ್ಚಾತ್ಯ ಆಲಂಕಾರಿಕರೂ ಪ್ರೋಜ್ಯೂಗ್ಮ, ಮೆಸೋಜ್ಯೂಗ್ಮ, ಹೈಪೋಜ್ಯೂಗ್ಮ ಎಂದು ಆದಿ, ಮಧ್ಯ, ಅಂತ್ಯಗಳ ಭೇದವನ್ನೇ ಮಾಡಿರುವುದು ಸೋಜಿಗದ ಸಂಗತಿ. ಅದಕ್ಕಿಂತ ಸೊಗಸಾದುದು ಹೆಸರಿನ ನೆಂಟಸ್ತಿಕೆ. ನೊಗವೆಂಬ ಅರ್ಥದ ಸಂಸ್ಕೃತದ 'ಯುಗ', ಜೋಡಿಯೆಂಬ ಅರ್ಥದ 'ಯುಗ್ಮ', ಕೂಡಿಸುವುದೆಂಬ ಅರ್ಥದ 'ಯೋಗ' ಇವೆಲ್ಲ ಗ್ರೀಕಿನ ಜ್ಯೂಗ್ಮಕ್ಕೆ ಒಂದೇ ಧಾತುವಿನಿಂದ ಬಂದ ದಾಯಾದಿಗಳು. ದೀಪಕದ ನೆರೆಮನೆಯಲ್ಲಿಯೇ 'ತುಲ್ಯಯೋಗಿತಾ' ಎಂಬ ಮತ್ತೊಂದು ಅಲಂಕಾರವಿದೆಯಷ್ಟೆ; ಅದರ ಹೆಸರಿನೊಳಗೂ ಈ ನೊಗ ಅಡಗಿ ಕುಳಿತಿದೆ. ದೀಪಕಕ್ಕೂ ತುಲ್ಯಯೋಗಿತೆಗೂ ಇರುವ ಗಡಿಜಗಳವನ್ನು ಮಮ್ಮಟನಿಗೇ ಬಿಡೋಣ.

ದೀಪ, ನೊಗ ಎರಡರಲ್ಲಿ ಯಾವುದು ಹೆಚ್ಚು ಒಪ್ಪುವ ಹೆಸರು? ಗಂಭೀರವಾದ ಕಾವ್ಯಕ್ಕೆ ದೀಪವೇ ಸರಿ. ದೀಪಕ್ಕೆ ಪಕ್ಷಪಾತವಿಲ್ಲ, ತಾನು ಬೆಳಗಿದ ವಸ್ತುವಿನ ಮೇಲೆ ಭಾರವನ್ನೂ ಹೇರದು. ವಿನೋದಕ್ಕೆ, ವ್ಯಂಗ್ಯಕ್ಕೆ ನೊಗವೇ ಮೇಲು. "ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು" ಎಂಬ ಗಾದೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನ ಅಲೆಕ್ಸಾಂಡರ್ ಪೋಪ್ ಕವಿ 'ದಿ ರೇಪ್ ಆಫ್ ದಿ ಲಾಕ್' ಕಾವ್ಯದಲ್ಲಿ ದೊಡ್ಡದನ್ನೂ ಕ್ಷುಲ್ಲಕವನ್ನೂ ಒಂದೇ ನೊಗಕ್ಕೆ ಕಟ್ಟಿ ತನ್ನ ಕಾಲದ ಸಿರಿವಂತ ಸಮಾಜವನ್ನು ಉತ್ತು ಹಾಕಿದನು.

ಈ ಹೆಸರಿನದೇ ಒಂದು ಊರೂ ಇತ್ತು. ಅದರ ಕಥೆ ಅಲಂಕಾರದ ಕಥೆಗಿಂತ ಕರುಣಾಜನಕವಾದುದು, ನಮ್ಮ ಬಳ್ಳಾರಿಯ ಸೀಮೆಗೆ ಎರಡು ಮೂರು ಕಡೆ ತಗಲುವಂಥದೂ ಹೌದು.

ಈಗಿನ ತುರ್ಕಿಯ ಆಗ್ನೇಯ ಭಾಗದಲ್ಲಿ ಯೂಫ್ರೆಟಿಸ್ ನದಿ ಹರಿಯುತ್ತದೆ. ಅಲೆಕ್ಸಾಂಡರನ ದಂಡನಾಯಕರಲ್ಲಿ ಒಬ್ಬನಾಗಿದ್ದು ಮುಂದೆ ದೊರೆಯಾದ ಸೆಲ್ಯೂಕಸ್ ಕ್ರಿಸ್ತಪೂರ್ವ 300ರ ಸುಮಾರಿಗೆ ಆ ನದಿಯ ಎರಡು ದಡಗಳಲ್ಲಿ ಎದುರುಬದುರಾಗಿ ಎರಡು ಪಟ್ಟಣಗಳನ್ನು ಕಟ್ಟಿಸಿದನು. ಪಶ್ಚಿಮದ ದಡದ ಊರಿಗೆ ತನ್ನ ಹೆಸರನ್ನೇ ಇಟ್ಟು ಸೆಲ್ಯೂಕಿಯ ಎಂದನು. ಪೂರ್ವದ ಊರಿಗೆ ರಾಣಿ ಅಪಾಮೆಯ ಹೆಸರಿನಿಂದ ಅಪಾಮಿಯ ಎಂದನು. ಗಂಡಹೆಂಡಿರ ನಡುವೆ ನದಿಗೆ ಒಂದು ಸೇತುವೆ. ಕಾಲಕ್ರಮದಲ್ಲಿ ದೊರೆಯ ಹೆಸರು ಮರೆಯಾಗಿ ಸೇತುವೆಯ ಹೆಸರೇ ಊರಿಗೆ ನಿಂತಿತು. ಗ್ರೀಕರಿಗೆ ಸೇತುವೆಯೂ ಒಂದು ನೊಗವೇ, ಜ್ಯೂಗ್ಮವೇ! ಎರಡು ಪದಗಳನ್ನು ಒಂದು ಕ್ರಿಯೆ ಹಿಡಿದಂತೆ ಎರಡು ದಡಗಳನ್ನು ಅದು ಹಿಡಿದಿತ್ತು.

ಈ ಸೆಲ್ಯೂಕಸನು ನಮ್ಮವರಿಗೆ ಅಪರಿಚಿತನಲ್ಲ. ಚಂದ್ರಗುಪ್ತ ಮೌರ್ಯನೊಡನೆ ಒಪ್ಪಂದ ಮಾಡಿಕೊಂಡು, ನಾಡಿನ ಭಾಗವನ್ನು ಬಿಟ್ಟುಕೊಟ್ಟು 500 ಆನೆಗಳನ್ನು ಪಡೆದವನು ಇವನೇ. ಕ್ರಿಸ್ತಪೂರ್ವ 301ರಲ್ಲಿ ಇಪ್ಸಸ್ ಕದನದಲ್ಲಿ ಆ ಆನೆಗಳು ಅವನ ಬೆನ್ನಿಗೆ ನಿಂತವು. ಆ ಗೆಲುವಿನಿಂದಲೇ ಸಿರಿಯ ಅವನ ಕೈಸೇರಿತು, ಜ್ಯೂಗ್ಮ ಪಟ್ಟಣಕ್ಕೆ ನೆಲ ದೊರೆಯಿತು. ಸೇತುವೆಯ ಬುಡದಲ್ಲಿ ಭಾರತದ ಆನೆಗಳ ಹೆಜ್ಜೆಯಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಚಂದ್ರಗುಪ್ತನ ಮೊಮ್ಮಗ ಅಶೋಕನು ತನ್ನ ಶಾಸನದಲ್ಲಿ ಸೆಲ್ಯೂಕಸನ ವಂಶದ ಯವನರಾಜ ಅಂತಿಯೋಕನನ್ನು ಹೆಸರಿಸುತ್ತಾನೆ. ಅಶೋಕನ ಸ್ವಂತ ಹೆಸರೋ, ಅವನ ಶಾಸನಗಳಲ್ಲಿ ಬಹಳ ಅಪರೂಪ. ಎಲ್ಲೆಲ್ಲೂ ದೇವಾನಾಂಪ್ರಿಯನೆಂಬ ಬಿರುದಿನ ಮುಸುಕು. ಆ ಮುಸುಕನ್ನು ಸರಿಸಿ ಹೆಸರನ್ನು ತೋರಿಸಿದ ಕೆಲವೇ ಬಂಡೆಗಳಲ್ಲಿ ಎರಡು ಇರುವುದು ಬಳ್ಳಾರಿ ಜಿಲ್ಲೆಯಲ್ಲಿ, ಸಿರುಗುಪ್ಪದ ಕಡೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿ.

ಜ್ಯೂಗ್ಮ ರೋಮನರ ಕಾಲದಲ್ಲಿ ಬೆಳೆಯಿತು. ಅವರ ಒಂದು ಸೇನಾಪಡೆ ಅಲ್ಲಿ ಬೀಡುಬಿಟ್ಟಿತ್ತು; ಪೂರ್ವಪಶ್ಚಿಮಗಳ ವರ್ತಕರು ಆ ಹಾದಿಯಲ್ಲಿ ನದಿಯನ್ನು ದಾಟುತ್ತಿದ್ದರು. ಸಿರಿವಂತರು ನದಿಗೆ ಮುಖಮಾಡಿ ಮನೆಗಳನ್ನು ಕಟ್ಟಿಸಿ, ನೆಲಕ್ಕೆ ಬಣ್ಣಬಣ್ಣದ ಕಲ್ಲಿನ ಹರಳುಗಳಿಂದ ಪುರಾಣದ ಕಥೆಗಳನ್ನು ಕೂರಿಸಿದರು. ಕ್ರಿಸ್ತಶಕ ಮೂರನೆಯ ಶತಮಾನದ ನಡುವಿನಲ್ಲಿ ಪಾರಸಿಕ ದೊರೆ ಶಾಪುರ್ ಊರನ್ನು ಸುಲಿದನು. ಅಲ್ಲಿಂದ ಮುಂದೆ ಅದು ಮೊದಲಿನ ಸಿರಿಗೆ ಮರಳಲಿಲ್ಲ. ಪಿಸ್ತಾ ತೋಟಗಳ ಕೆಳಗೆ ಚಿತ್ರದ ನೆಲಗಳು ಮಲಗಿಬಿಟ್ಟವು. ಅವುಗಳಿಗೆ ಎಚ್ಚರವಾದದ್ದು ಮುಳುಗುವ ಗಳಿಗೆಯಲ್ಲಿ. ಯೂಫ್ರೆಟಿಸ್ ನದಿಗೆ ಬಿರೆಜಿಕ್ ಎಂಬಲ್ಲಿ ಅಣೆಕಟ್ಟು ಎದ್ದು 2000ದಲ್ಲಿ ನೀರು ಏರತೊಡಗಿದಾಗ ಪುರಾತತ್ತ್ವಜ್ಞರು ನೀರಿನೊಡನೆ ಪಂತ ಕಟ್ಟಿ ಹಗಲಿರುಳು ಅಗೆದು ಹರಳುಚಿತ್ರಗಳನ್ನು ಮೇಲೆತ್ತಿದರು. 2011ರಲ್ಲಿ ಗಾಜಿಯಾಂಟೆಪ್ ನಗರದಲ್ಲಿ ಅವುಗಳಿಗೆಂದೇ ದೊಡ್ಡ ವಸ್ತುಸಂಗ್ರಹಾಲಯ ತೆರೆಯಿತು. ಕೆದರಿದ ಕೂದಲ, ದೊಡ್ಡ ಕಣ್ಣಿನ 'ಜಿಪ್ಸಿ ಹುಡುಗಿ' ಅಲ್ಲಿ ಕತ್ತಲೆಯ ಕೋಣೆಯೊಂದರಲ್ಲಿ ನೋಡುಗರನ್ನು ನಿಟ್ಟಿಸುತ್ತಾಳೆ. ಎದುರುದಡದ ಅಪಾಮಿಯ, ಅಂದರೆ ರಾಣಿಯ ಊರು, ಪೂರ್ತಿಯಾಗಿ ನೀರಿನಡಿಗೆ ಹೋಯಿತು. ನೊಗದ ಹೆಸರಿನ ಊರಿಗೆ ಜೊತೆಯ ಎತ್ತು ಇಲ್ಲವಾಯಿತು.

ಇದನ್ನು ಓದುವಾಗ ಬಳ್ಳಾರಿಯವರ ಮನಸ್ಸು ಹೊಸಪೇಟೆಯ ಕಡೆಗೆ ಹೊರಳದಿರದು. ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿದದ್ದು 1953ರಲ್ಲಿ. ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯದೊಡನೆ ಕೂಡಿದ್ದೂ ಅದೇ ವರ್ಷ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮಾತ್ರ ಆ ನೊಗದಿಂದ ಕಳಚಿ ಆಂಧ್ರಕ್ಕೆ ಹೋದವು. ಅಣೆಕಟ್ಟಿನಿಂದಾದುದನ್ನು ಒಂದೇ ವಾಕ್ಯದಲ್ಲಿ ಹೇಳಬೇಕಾದರೆ ಅಜ್ಜಿಯ ಅಲಂಕಾರವನ್ನೇ ಎರವಲು ತರಬೇಕು: ತುಂಗಭದ್ರೆಯ ನೀರು ಸಿರುಗುಪ್ಪದ ಹೊಲಗಳ ಬಾಯಾರಿಕೆಯನ್ನೂ ಮುಳುಗಡೆಯ ಹಳ್ಳಿಗಳ ಒಲೆಯನ್ನೂ ಆರಿಸಿತು. ಸಿರುಗುಪ್ಪದ ಭತ್ತವನ್ನು ಉಂಡವರು ಅಣೆಕಟ್ಟನ್ನು ಹಳಿಯಲಾರರು, ಹಳಿಯಬೇಕಾಗಿಯೂ ಇಲ್ಲ. ಆದರೆ ವಾಕ್ಯದ ಎರಡನೆಯ ಅರ್ಧವನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವ ಅಭ್ಯಾಸ ನಮ್ಮಲ್ಲಿ ಬೆಳೆದಿರುವುದು ನಿಜ. ಅಣೆಕಟ್ಟಿನ ಕೆಳಗೆ ಹಂಪೆಯ ಬಳಿ ನದಿಯ ನಡುವೆ ಹಳೆಯ ಸೇತುವೆಯ ಕಲ್ಲುಗಂಬಗಳು ಇನ್ನೂ ಸಾಲಾಗಿ ನಿಂತಿವೆ. ಈ ದಡದ ಹಂಪೆಯನ್ನು ಆನೆಗೊಂದಿಯ ದಡಕ್ಕೆ ಹೂಡಿದ್ದ ನೊಗದ ಮುರಿದ ತುಂಡುಗಳವು.

ನೀರಿಲ್ಲದೆಯೂ ಊರು ಮುಳುಗಬಹುದೆಂಬುದಕ್ಕೆ ಬಳ್ಳಾರಿ ನಗರದ ಮಗ್ಗುಲಲ್ಲೇ ಇರುವ ಸಂಗನಕಲ್ಲು ಸಾಕ್ಷಿ. ('ಸಂಗ'ವೆಂದರೂ ಕೂಟವೇ, ಆದರೆ ಇದನ್ನು ಶ್ಲೇಷೆಯೆಂದು ಸವಿಯಬೇಕಲ್ಲದೆ ಊರ ಹೆಸರಿನ ವ್ಯುತ್ಪತ್ತಿಯೆಂದು ನಂಬತಕ್ಕದ್ದಲ್ಲ.) ಜ್ಯೂಗ್ಮಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆಯೇ ಇಲ್ಲಿಯ ಗುಡ್ಡಗಳಲ್ಲಿ ನವಶಿಲಾಯುಗದ ಜನ ನೆಲೆಸಿದ್ದರು. ದನಗಳೇ ಅವರ ಐಶ್ವರ್ಯ. ಸಗಣಿಯನ್ನು ರಾಶಿಹಾಕಿ ಸುಟ್ಟ ಬೂದಿದಿಬ್ಬಗಳು ಈ ಸೀಮೆಯಲ್ಲಿವೆ. ಕಪ್ಪಗಲ್ಲಿನ ಹಿರೇಗುಡ್ಡದ ಬಂಡೆಗಳ ಮೇಲೆ ಉದ್ದಕೊಂಬಿನ, ಹಿಣಿಲಿನ ಹೋರಿಗಳನ್ನು ಕುಟ್ಟಿ ಮೂಡಿಸಿದ್ದಾರೆ. ಅದೇ ಗುಡ್ಡದ ಕಪ್ಪು ಡಾಲರೈಟ್ ಶಿಲೆಯಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಇದನ್ನು ಲೋಕಕ್ಕೆ ತೋರಿಸಿದನು. ಅವನ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲಿದೆ. ಕೊಡಲಿಗಳನ್ನು ಅಲ್ಲಿ ಕಾಣಬಹುದು.

ಬಂಡೆಗಳನ್ನು ಮಾತ್ರ ಜ್ಯೂಗ್ಮದ ಹರಳುಚಿತ್ರಗಳಂತೆ ಎತ್ತಿಕೊಂಡು ಹೋಗುವಂತಿಲ್ಲ. ಆ ಪೂರ್ವಿಕರೂ ಈ ಗುಡ್ಡದಲ್ಲಿ ಕಲ್ಲು ಹೊಡೆದರು, ಈಚಿನ ಗಣಿಯವರೂ ಹೊಡೆದರು, ಕ್ರಿಯಾಪದ ಒಂದೇ. ಅವರು ಹೊಡೆದಲ್ಲಿ ಹೋರಿ ಮೂಡಿತು, ನಾದ ಎದ್ದಿತು. ಇವರು ಹೊಡೆದಲ್ಲಿ ಜಲ್ಲಿಯಾಯಿತು. ರಸ್ತೆಗೂ ಮನೆಗೂ ಕಲ್ಲು ಬೇಕೆಂಬುದು ಸರಿಯೇ, ಆದರೆ ಅದಕ್ಕೆ ಈ ಗುಡ್ಡವೇ ಆಗಬೇಕಾಗಿರಲಿಲ್ಲ. 2004ರ ಹೊತ್ತಿಗೇ ವಿದೇಶದ ವಿದ್ವತ್ಪತ್ರಿಕೆಗಳಲ್ಲಿ ಈ ಗುಡ್ಡದ ನಾದಶಿಲೆಗಳ ವಿಷಯ ಅಚ್ಚಾಗಿ, ಕಲ್ಲುಗಣಿಯಿಂದ ಅವುಗಳಿಗೆ ಒದಗಿದ ಅಪಾಯ ಲೋಕಕ್ಕೆ ತಿಳಿಯಿತು.

ನಾದಶಿಲೆಗಳೆಂದರೆ ಆ ಡಾಲರೈಟ್ ಸಾಲಿನ ಕೆಲವು ಬಂಡೆಗಳು. ಹಿಂದಿನವರು ಹೊಡೆದು ಹೊಡೆದು ಅವುಗಳ ಮೇಲೆ ಬಟ್ಟಲಿನಂಥ ಕುಳಿಗಳು ಬಿದ್ದಿವೆ. ಗ್ರಾನೈಟಿನ ಚಿಕ್ಕ ತುಂಡಿನಿಂದ ಆ ಕುಳಿಯನ್ನು ತಟ್ಟಿದರೆ, ಉಳಿದಿರುವ ಬಂಡೆಗಳು ಇಂದಿಗೂ ಕಂಚಿನ ಜಾಗಟೆಯ ದನಿಯನ್ನು ಕೊಡುತ್ತವೆ.